ನದೀಜಲದ ಕರಾರುಗಳೂ ಮೀನಿನ ಮಡುಗಳೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್, ಹೆಸರೇ ತಿಳಿಸುವಂತೆ, ಹಿಂದೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. 2023ನೆಯ ಇಸವಿ ಫೆಬ್ರವರಿ 6ನೆಯ ತಾರೀಖು ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಪ್ರಾರಂಭವಾದಂದಿನಿಂದ ಆ ಹೆಸರು ದೇಶದಲ್ಲೆಲ್ಲ ಕೇಳಿಬಂದಿದೆ. ಸುತ್ತಣ ಸೀಮೆಯ ಗ್ರಾಮಗಳ ಜೀವನವಾದರೋ ಈಗಲೂ ತೆಂಗು, ಅಡಕೆ, ರಾಗಿ, ಇವುಗಳಿಗೆ ಆಧಾರವಾದ ಕೆರೆ, ಇವುಗಳ ಮೇಲೆಯೇ ನಿಂತಿರುವುದು. ಇಂಥ ಕೆರೆಗಳಲ್ಲಿ ಮಾಘ ಫಾಲ್ಗುಣ ಮಾಸಗಳು ಬಂದೊಡನೆ ಒಂದು ವ್ಯಾಜ್ಯವು ತಲೆಯೆತ್ತುವುದುಂಟು. ತೋಟದವರು, ಬಾಡುತ್ತಿರುವ ಗಿಡಗಳನ್ನು ತೋರಿಸಿ, ಉಳಿದ ನೀರನ್ನೆಲ್ಲ ಎತ್ತಿಕೊಳ್ಳಬೇಕೆನ್ನುವರು. ಮೀನು ಪಾಶುವಾರು ಹಕ್ಕನ್ನು ಹರಾಜಿನಲ್ಲಿ ಹಿಡಿದವನು, ತಾನು ಬಿಟ್ಟ ಮರಿಗಳು ಇನ್ನೂ ಅಂಗೈಯಗಲ ಬೆಳೆದಿಲ್ಲವೆಂದೂ ನೀರು ಇಳಿದರೆ ತಾನು ಕಟ್ಟಿದ ಹಣವೆಲ್ಲ ಕೆಸರಿನ ಪಾಲಾಗುವುದೆಂದೂ ಮೊರೆಯಿಡುವನು. ಗ್ರಾಮದ ಮುಖಂಡರು ನಡುವೆ ಸಿಕ್ಕಿಕೊಳ್ಳುವರು. ಕಡೆಗೆ ಯಾರ ಮಾತು ಜೋರೋ ಅವರ ಕಡೆಗೆ ತೀರ್ಮಾನವಾಗಿ, ಹತ್ತು ದಿನಗಳೊಳಗಾಗಿ ಕೆರೆಯಂಗಳ ಬಿರಿಯುವುದು.

ಬರಗಾಲದ ಬಿಸಿಲಿನಲ್ಲಿ ಕುಳಿತು ನೀರಿನ ಕರಾರು ಬರೆಯಹೊರಡುವುದೇ ಮೊದಲ ತಪ್ಪು. ನೀರು ಬರುವುದಕ್ಕೆ ಮೊದಲೇ, ಯಾರಿಗೂ ದಾಹವಿಲ್ಲದ ಕಾಲದಲ್ಲಿ, ಎಷ್ಟು ನೀರು ಯಾವಾಗ ಯಾರಿಗೆಂಬುದನ್ನೂ ಎಷ್ಟು ನೀರು ಯಾರಿಗೂ ಅಲ್ಲವೆಂಬುದನ್ನೂ ಬರೆದಿಟ್ಟುಕೊಂಡ ಕಡೆಗಳಲ್ಲಿ ಬೆಳೆಯೂ ಉಳಿದಿದೆ, ಮೀನೂ ಉಳಿದಿದೆ. ಕಾವೇರಿ ನದಿಯ ವಿಷಯದಲ್ಲಿ ದೊಡ್ಡ ಸರ್ಕಾರಗಳು ಈ ಪಾಠವನ್ನು ಕಲಿಯಲು ಒಂದು ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ವೃತ್ತಾಂತವು ಗುಬ್ಬಿ ಕುಣಿಗಲ್ ಸೀಮೆಯ ಜಮೀನ್ದಾರರಿಗೆ ದೂರದ ಸಂಗತಿಯಲ್ಲ.

ಏಕೆಂದರೆ ಈ ಸೀಮೆಯು ಕಾವೇರಿಯ ಎರಡು ತೋಳುಗಳ ಮಧ್ಯೆ ಇರುತ್ತದೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ 1979ರಲ್ಲಿ ಪೂರೈಸಿದರು. ಅದರಲ್ಲಿ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುವುದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈ ನೀರು ತುಮಕೂರು ಶಾಖಾನಾಲೆಯ ಮೂಲಕ ತಿಪಟೂರು, ಗುಬ್ಬಿ, ತುಮಕೂರು ಕಡೆಗಳ ಕೆರೆಗಳಿಗೆ ಹರಿದುಬರುವುದು. ಇನ್ನೊಂದು ತೋಳು ಶಿಂಷಾ. ಅದು ದೇವರಾಯನದುರ್ಗದ ದಕ್ಷಿಣಕ್ಕೆ ಹುಟ್ಟಿ, ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮಾರ್ಕೋನಹಳ್ಳಿ ಜಲಾಶಯವನ್ನು ಸೇರಿ, ಮುಂದೆ ಶಿವನಸಮುದ್ರದ ಕೆಳಗೆ ಕಾವೇರಿಗೆ ಬೀಳುವುದು. ಆದಕಾರಣ ಹೇಮಾವತಿಯಿಂದ ನಾಲೆಯಲ್ಲಿ ಬಂದು ಶಿಂಷೆಯ ಕಣಿವೆಯ ಗದ್ದೆ ತೋಟಗಳಲ್ಲಿ ಬಳಕೆಯಾಗಿ ಬಸಿದುಹೋದ ನೀರು, ಕೋಡಿ ಬಿದ್ದು ಹಳ್ಳ ಸೇರಿದ ನೀರು, ಶಿಂಷೆಯ ದಾರಿಯಾಗಿ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿಗಳ ಬಂಡೆಗಳ ನಡುವಣ ಆಳವಾದ ಮಡುಗಳಿವೆ. ಪ್ರಪಂಚದಲ್ಲಿ ಕಾವೇರಿ ನದೀವ್ಯವಸ್ಥೆಯೊಂದರಲ್ಲೇ ಹುಟ್ಟಿಬೆಳೆದ ಗೂನುಬೆನ್ನಿನ ಮಹಶೀರ್ ಮೀನಿಗೆ ಈ ಮಡುಗಳು ಉಳಿದಿರುವ ಕೆಲವೇ ಆಶ್ರಯಗಳಲ್ಲಿ ಸೇರಿವೆ.

ಮೀನಿಗೆ ನೀರು ಬೇಕೆಂಬುದು ಮಕ್ಕಳಿಗೂ ತಿಳಿದ ಮಾತು. ಯಾವ ನೀರು, ಯಾವ ಕಾಲದಲ್ಲಿ ಎಂಬುದು ಮಾತ್ರ ನೀರಾವರಿಯ ಲೆಕ್ಕ ಬರೆಯುವವರಿಗೆ ಬಹುಕಾಲ ತಿಳಿಯಲಿಲ್ಲ. ಮೃಗಶಿರ ಆರಿದ್ರಾ ಮಳೆಗಳಲ್ಲಿ ಹೊಳೆಗೆ ಕೆಂಪು ನೀರು ಬಂದೊಡನೆ ಗೆಂಡೆ, ಕೆಮ್ಮೀನು ಮೊದಲಾದವು ಪ್ರವಾಹಕ್ಕೆ ಎದುರಾಗಿ ಹತ್ತುವುವು. ಮಲೆನಾಡಿನವರು ಇದನ್ನೇ ಹತ್ತುಮೀನು ಎನ್ನುವರು. ಹೊಸ ನೀರು ಹರಡಿದ ತೆಳುವಾದ ಎಡೆಗಳಲ್ಲಿ ಇವು ಮೊಟ್ಟೆಯಿಡುವುವು. ನಮ್ಮ ಸೀಮೆಯ ಮಳೆಗಾಲದ ಸೆಕೆಯಲ್ಲಿ ಗೆಂಡೆಯ ಜಾತಿಯ ಮೊಟ್ಟೆಯೊಡೆಯಲು ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಆ ಒಂದು ದಿನದಲ್ಲಿ ಮೇಲಿನ ಬಾಗಿಲನ್ನು ತಟ್ಟನೆ ಇಳಿಸಿದರೆ ನೀರು ಹಿಂದೆಗೆದು, ಮೊಟ್ಟೆಯೆಲ್ಲ ಬಿಸಿಲಿಗೆ ಬಿದ್ದು ಒಣಗುವುದು. ಮರಿಗಳಾದ ಮೇಲೂ ಇದೇ ಅಪಾಯ: ನೀರು ಮೆಲ್ಲನೆ ಇಳಿದರೆ ಮರಿ ನೀರಿನೊಡನೆ ಇಳಿಯುವುದು, ಬೇಗ ಇಳಿದರೆ ದಡದ ಗುಂಡಿಗಳಲ್ಲಿ ಸಿಕ್ಕಿ ಕೊಕ್ಕರೆಗೆ ಆಹಾರವಾಗುವುದು. ಬೇಸಗೆಯಲ್ಲಿ ಬೇಕಾದದ್ದು ಮತ್ತೊಂದು ಬಗೆಯದು. ಆಗ ಮೀನು ಹರಿಯುವ ನೀರನ್ನು ಬಿಟ್ಟು ಮಡುವನ್ನು ಸೇರಿ, ಮುಂದಿನ ಮುಂಗಾರಿನವರೆಗೆ ಅಲ್ಲೇ ಕಾಲ ಕಳೆಯುವುದು. ಮಡುವಿಗೆ ಒಂದಿಷ್ಟು ತಂಪು ನೀರು ಒಸರುತ್ತಿದ್ದರೆ ಸಾಕು. ನೀರು ಮೊಳಕಾಲುದ್ದಕ್ಕೆ ಇಳಿದು ಕಾದಾಗ ಅದರಲ್ಲಿ ಪ್ರಾಣವಾಯು ತಗ್ಗುವುದು. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ಯಾರಾದರೂ ನೋಡಿರಬಹುದು. ಕೊರವನಂಥ, ಮುರುಗೋಡಿನಂಥ ಮೀನುಗಳು ಹೊರಗಿನ ಗಾಳಿಯನ್ನು ಕುಡಿದು ಬದುಕಿಕೊಳ್ಳುವುವು. ಗೆಂಡೆಯ ಜಾತಿಗೆ ಆ ಉಪಾಯ ತಿಳಿಯದು.

ಮೀನನ್ನು ಕಾಪಾಡಬೇಕೆಂಬ ಎಣಿಕೆ ನಮ್ಮವರಿಗೆ ಇರಲಿಲ್ಲವೆಂದಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನನ್ನು ಯಾರೂ ಮುಟ್ಟರು; ಶೃಂಗೇರಿಯ ತುಂಗೆಯಲ್ಲಿಯೂ ಇದೇ ಪದ್ಧತಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದುರುಳರು ಹೊಳೆಗೆ ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಊರವರು ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿಸಿದರು. ಕಾಯಿದೆಗಳೂ ಹಳೆಯವೇ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು ಇಂಡಿಯಾ ಸರ್ಕಾರವು 1897ರ ಕಾಯಿದೆಯಿಂದ ನಿಷೇಧಿಸಿತು. ಮೈಸೂರು ಸಂಸ್ಥಾನದಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕುರಿತ ಸಂರಕ್ಷಣಾ ರೆಗ್ಯುಲೇಷನ್ 1901ರಲ್ಲಿ ಜಾರಿಗೆ ಬಂದಿತು. ಆದರೆ ದೇವಸ್ಥಾನದ ಕಟ್ಟಳೆಯಾಗಲಿ ಸರ್ಕಾರದ ಕಾಯಿದೆಯಾಗಲಿ ಕೈಹಿಡಿದದ್ದು ಬಲೆ ಬೀಸುವವನನ್ನು. ಬಾಗಿಲು ತೆಗೆದು ಮುಚ್ಚುವವನ ಕೈಯನ್ನು ಹಿಡಿಯಲಿಲ್ಲ. ಬಲೆಯಿಂದ ತಪ್ಪಿಸಿಕೊಂಡ ಮೀನು ಮುಂದಿನ ವರ್ಷ ಮೊಟ್ಟೆಯಿಟ್ಟೀತು. ನದಿಯೇ ಬತ್ತಿದರೆ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ನದಿಯ ನೀರನ್ನು ಕುರಿತ ಕರಾರುಗಳನ್ನು ಈ ದೃಷ್ಟಿಯಿಂದ ಓದಿದರೆ ಆಶ್ಚರ್ಯವಾಗುವುದು. ಮೈಸೂರಿಗೂ ಮದರಾಸಿಗೂ 1892ರಲ್ಲಿ ಆದ ಒಡಂಬಡಿಕೆಯು, ಮೇಲಿನ ಸಂಸ್ಥಾನವು ಕೆಳಗಿನವರನ್ನು ಕೇಳದೆ ಎಲ್ಲೆಲ್ಲಿ ಹೊಸ ಕಟ್ಟೆಗಳನ್ನು ಕಟ್ಟಲಾಗದೆಂಬುದನ್ನು ಗೊತ್ತುಮಾಡಿತು. 1924ನೆಯ ಇಸವಿ ಫೆಬ್ರವರಿ 18ರ ಒಪ್ಪಂದವು ಕೃಷ್ಣರಾಜಸಾಗರದಲ್ಲಿ ಎಷ್ಟು ನೀರನ್ನು ಯಾವಾಗ ಹಿಡಿಯಬಹುದೆಂಬ ನಿಯಮಗಳನ್ನು ಬಹು ನಿಷ್ಕೃಷ್ಟವಾಗಿ ಹಾಕಿತು. ಕೆಳಗೆ ಮೇಲಣೆಯ ಅಳತೆಗೋಲಿನಲ್ಲಿ ತಿಂಗಳು ತಿಂಗಳಿಗೂ ಇಷ್ಟು ಅಡಿ ನೀರು ಕಾಣಬೇಕೆಂದು ಗೊತ್ತಾಯಿತು. ಅದೆಲ್ಲವೂ ತಂಜಾವೂರಿನ ಗದ್ದೆಗಳ ಹಿತಕ್ಕಾಗಿ. ಇದರಲ್ಲಿ ದೋಷವೆಣಿಸಬೇಕಾದದ್ದಿಲ್ಲ, ಬೆಳೆಗಾಗಿ ಬರೆದ ಕರಾರು ಬೆಳೆಯನ್ನೇ ಕಾಯುವುದು. ಹೀಗೆ ಕಾದ ನೀರು ದಾರಿಯಲ್ಲಿ ಮೀನಿಗೂ ಒದಗಿದ್ದರೆ ಅದು ಕಾಕತಾಳೀಯವೇ ಹೊರತು ಕರಾರಿನ ಗುಣವಲ್ಲ.

ಒದಗದೆ ಹೋದದ್ದಕ್ಕೆ ಹಿಲ್ಸ ಮೀನು ಸಾಕ್ಷಿ. ಬೆಳ್ಳಿಯ ಬಣ್ಣದ ಈ ಮೀನು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಪ್ರವಾಹಕಾಲದಲ್ಲಿ ನದಿಯನ್ನು ಏರುವುದು. ಕೊಳ್ಳಿಡಂ ನದಿಗೆ ಅಡ್ಡಲಾಗಿ ಕಟ್ಟಿದ ಕೆಳ ಅಣೆಯು ಅದರ ದಾರಿಯನ್ನು ತಡೆಯಿತು. ಮೀನು ಹತ್ತಲೆಂದು ಅಲ್ಲಿ ಮೆಟ್ಟಿಲುಗಳಂಥ ಏಣಿಯನ್ನು ಕಟ್ಟಿಸಿ ನೋಡಿದರೂ ಹಿಲ್ಸ ಅದನ್ನು ಹತ್ತಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದು ಪ್ರವಾಹವು ತಗ್ಗಿದ ಮೇಲೆ ಕಾವೇರಿಯಲ್ಲಿ ಅದು ಕಾಣುವುದೇ ಅಪರೂಪವಾಯಿತು. ಕಟ್ಟಡ ಮುಗಿದ ಮೇಲೆ ಮೀನಿನ ಯೋಚನೆ ಮಾಡುವುದು, ಕಣ ಮಾಡಿ ಮುಗಿದ ಮೇಲೆ ಬಿತ್ತನೆ ಬೀಜ ಹುಡುಕಿದಂತೆ.

ಇಂಡಿಯಾ ಸರ್ಕಾರವು 1990ರಲ್ಲಿ ನೇಮಿಸಿದ ಕಾವೇರಿ ಜಲವಿವಾದ ನ್ಯಾಯಾಧಿಕರಣವು 2007ನೆಯ ಇಸವಿ ಫೆಬ್ರವರಿ 5ರಂದು ಕೊಟ್ಟ ತೀರ್ಪಿನಲ್ಲಿ ಮೊಟ್ಟಮೊದಲು ಈ ಲೋಪಕ್ಕೆ ಒಂದು ಸಣ್ಣ ಪರಿಹಾರವು ಕಂಡಿತು. ನದಿಯ ಒಟ್ಟು ಉತ್ಪತ್ತಿಯನ್ನು 740 ಟಿ.ಎಂ.ಸಿ. ಎಂದು ಎಣಿಸಿ, ಕರ್ಣಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿ, ಪರಿಸರದ ರಕ್ಷಣೆಗೆಂದು 10 ಟಿ.ಎಂ.ಸಿ.ಯನ್ನು ಪ್ರತ್ಯೇಕವಾಗಿಟ್ಟರು, ಸಮುದ್ರಕ್ಕೆ ಅನಿವಾರ್ಯವಾಗಿ ಹರಿದುಹೋಗುವುದೆಂದು 4ನ್ನು ಬಿಟ್ಟರು. ಸರ್ವೋಚ್ಚ ನ್ಯಾಯಾಲಯವು 2018ನೆಯ ಇಸವಿ ಫೆಬ್ರವರಿ 16ರಂದು ಕರ್ಣಾಟಕದ ಪಾಲನ್ನು 284.75ಕ್ಕೆ ಏರಿಸಿ ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತಾದರೂ ಆ 10ನ್ನು ಮುಟ್ಟಲಿಲ್ಲ. ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ ನೀರಿನ ಪಟ್ಟಿಯನ್ನು ನೋಡಿದರೆ ಅದು ಎಲ್ಲಿದೆಯೆಂಬುದು ಕಾಣುವುದು. ಆಗಸ್ಟ್ ತಿಂಗಳಿಗೆ 45.95 ಟಿ.ಎಂ.ಸಿ., ಜನವರಿಗೆ 2.76, ಆ ಮೇಲೆ ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ ನಾಲ್ಕು ತಿಂಗಳಿಗೂ ತಲಾ 2.5. ಈ ನಾಲ್ಕನ್ನು ಕೂಡಿದರೆ ಹತ್ತು. ಗದ್ದೆಯಲ್ಲಿ ಬೆಳೆಯಿಲ್ಲದ ಕಾಲದಲ್ಲಿ, ಮಡುವಿನ ಮೀನಿಗೆ ಜೀವ ಹಿಡಿಯುವುದೇ ಕಷ್ಟವಾದ ಕಾಲದಲ್ಲಿ, ನದಿಯಲ್ಲಿ ಸಾವಿರ ಕ್ಯೂಸೆಕ್ಕಿನ ಆಸುಪಾಸಿನ ಹರಿವು ಇರಬೇಕೆಂದು ಇದರ ಅರ್ಥ.

740ರಲ್ಲಿ 10 ಎಂದರೆ ನೂರಕ್ಕೆ ಒಂದೂಕಾಲಿಗಿಂತ ತುಸು ಹೆಚ್ಚು. ಇದು ಬಹಳವೆಂದು ಯಾರೂ ಹೇಳಲಾರರು. 2018ರ ಅಕ್ಟೋಬರಿನಲ್ಲಿ ಇಂಡಿಯಾ ಸರ್ಕಾರವು ಗಂಗೆಯ ಮೇಲ್ಭಾಗಕ್ಕೆ ಹಾಕಿದ ನಿಯಮದಲ್ಲಿ, ಚಳಿಗಾಲದಲ್ಲಿ ಸಹಜ ಹರಿವಿನ ನೂರಕ್ಕೆ 20 ಪಾಲನ್ನೂ ಮಳೆಗಾಲದಲ್ಲಿ 30 ಪಾಲನ್ನೂ ನದಿಯಲ್ಲೇ ಬಿಡಬೇಕೆಂದಿದೆ. ಅದರೊಡನೆ ಹೋಲಿಸಿದರೆ ಕಾವೇರಿಯ ಪಾಲು ಬಡವೆಯೇ ಸರಿ. ಮತ್ತೊಂದು ಕೊರತೆಯೂ ಉಂಟು. ಬಿಳಿಗುಂಡ್ಲುವಿನ ಲೆಕ್ಕವು ಮೊತ್ತದ ಲೆಕ್ಕ. ತಿಂಗಳ ನೀರನ್ನು ದಿನದಿನವೂ ಸಮವಾಗಿ ಬಿಟ್ಟರೂ ಒಂದೇ ವಾರದಲ್ಲಿ ಸುರಿದರೂ ಮೊತ್ತ ಒಂದೇ. ಮೀನಿಗಾದರೋ ಎರಡರ ನಡುವೆ ಜೀವ ಮರಣಗಳ ವ್ಯತ್ಯಾಸ. ಇಷ್ಟಾದರೂ, ನೀರಿನ ಹಂಚಿಕೆಯ ಪತ್ರದಲ್ಲಿ ಯಾವ ಸರ್ಕಾರದ ಬೆಳೆಗೂ ಸೇರದ ಒಂದು ಪಾಲನ್ನು ಬರೆದದ್ದು ಅಲ್ಪ ಸಂಗತಿಯಲ್ಲ. ಬರೆದ ಪಾಲನ್ನು ಮುಂದೆ ತಿದ್ದಬಹುದು. ಬರೆಯದ ಪಾಲನ್ನು ಕೇಳಲು ಸಹ ಆಧಾರವಿರುವುದಿಲ್ಲ.

ಈ ನೀರನ್ನು ನಂಬಿದ ಮಹಶೀರ್ ಮೀನಿನ ವೃತ್ತಾಂತದಲ್ಲಿ ರೈತರು ಗಮನಿಸತಕ್ಕ ಒಂದು ಅಂಶವಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವು ಟಾರ್ ರೆಮಾದೇವಿ ಎಂದು ಪಂಡಿತರು ನಿರ್ಣಯಿಸಿದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ತೀರ ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿಸಿದರು. ಈ ನಡುವೆ ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಯಿತೆಂದು ಲೋನಾವಳದ ಮರಿಸಾಕಣೆಯ ಕೊಳಗಳಲ್ಲಿ ಹುಟ್ಟಿಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟಿದ್ದರು. ಬಿಟ್ಟವರ ಉದ್ದೇಶ ಒಳ್ಳೆಯದೇ. ಪರಿಣಾಮದಲ್ಲಿ ಹೊರಗಿನ ಜಾತಿಯು ಹೆಚ್ಚಿ, ನದಿಯ ಸ್ವಂತ ಜಾತಿಯು ಇನ್ನಷ್ಟು ಮೂಲೆಗೆ ಸೇರಿತು. ಮರಿ ಬಿಡುವುದೂ ನೆಲೆ ಕಾಯುವುದೂ ಒಂದೇ ಎಂದು ತಿಳಿಯಬಾರದು. 1957ನೆಯ ಇಸವಿ ಜುಲೈ 10ರಂದು ಹೀರಾಲಾಲ್ ಚೌಧುರಿಯವರೂ ಅಲಿಕುಂಞಿಯವರೂ ಗೆಂಡೆಯ ಜಾತಿಯ ದೊಡ್ಡ ಮೀನುಗಳಿಗೆ ಗ್ರಂಥಿರಸವನ್ನು ಚುಚ್ಚಿ ಮೊಟ್ಟೆಯಿಡಿಸಿದಂದಿನಿಂದ ಕಾಟ್ಲಾ, ರೋಹುಗಳ ಮರಿಗಳು ಬೇಕಾದಷ್ಟು ದೊರೆಯುವುವು. ಅವುಗಳಿಂದ ಕೆರೆಗಳ ಆದಾಯವು ಹೆಚ್ಚಿರುವುದು ನಿಜ. ಆದರೆ ಈ ಸೀಮೆಯ ಹಳ್ಳಗಳ ಕೆಮ್ಮೀನಿಗೂ ಗೆಂಡೆಗೂ ಮರಿ ಮಾಡಿಕೊಡುವ ಕಾರ್ಖಾನೆ ಮುಂಗಾರಿನ ಹೊಳೆಯೊಂದೇ.

ನೀರಿನ ಯೋಜನೆಯನ್ನು ನಡೆಸುವವರೂ ಮೀನಿನ ಕಡೆಯವರೂ ಕೂಡಿ ಬರೆದ ಕರಾರುಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಎರಡನ್ನು ತಿಳಿದಿರುವುದು ಮೇಲು. ಅಲ್ಲಿನ ಕೊಲಂಬಿಯ ನದಿಯಲ್ಲಿ ಸಾಲ್ಮನ್ ಮೀನು ಶರತ್ಕಾಲದಲ್ಲಿ ನದಿಯ ತಳದ ಗರುಗಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುವುದು. ಪ್ರೀಸ್ಟ್ ರಾಪಿಡ್ಸ್ ಎಂಬ ಅಣೆಕಟ್ಟಿನವರು ವಿದ್ಯುತ್ತಿನ ಬೇಡಿಕೆಯಂತೆ ನೀರು ಬಿಡುತ್ತಿದ್ದುದರಿಂದ, ನೀರು ಏರಿದಾಗ ದಡದ ಮೇಲಣ ಗರುಗಿನಲ್ಲಿ ಇಟ್ಟ ಮೊಟ್ಟೆಗಳು ನೀರು ಇಳಿದಾಗ ಒಣಗಿಹೋಗುತ್ತಿದ್ದುವು. 1988ರಲ್ಲಿ ವರ್ನಿಟಾ ಎಂಬ ದಿಣ್ಣೆಯ ಹೆಸರಿನಲ್ಲಿ ಆದ ಒಪ್ಪಂದವು ಇದಕ್ಕೆ ಬಹು ಸರಳವಾದ ಉಪಾಯ ಕಂಡುಹಿಡಿಯಿತು. ಸಾಲ್ಮನ್ ಮೊಟ್ಟೆಯಿಡುವುದು ಹೆಚ್ಚಾಗಿ ಹಗಲಿನಲ್ಲಿ. ಆದುದರಿಂದ ಆ ಋತುವಿನಲ್ಲಿ ಹಗಲು ಕಡಿಮೆ ನೀರನ್ನೂ ರಾತ್ರಿ ಹೆಚ್ಚು ನೀರನ್ನೂ ಬಿಡುವುದು. ಮೀನು ತಾನಾಗಿ ನದಿಯ ತಗ್ಗಿನಲ್ಲೇ ಗುಳಿ ತೋಡುವುದು. ಬಳಿಕ ಮರಿಯೇಳುವವರೆಗೂ ನೀರು ಆ ಗುಳಿಗಳ ಮಟ್ಟಕ್ಕಿಂತ ಇಳಿಯದಂತೆ ನೋಡಿಕೊಳ್ಳುವುದು. ಒಟ್ಟು ನೀರಿನಲ್ಲಿ ಅಣೆಕಟ್ಟಿನವರಿಗೆ ಆದ ನಷ್ಟ ಸ್ವಲ್ಪ. ಬದಲಾದದ್ದು ಬಿಡುವ ಹೊತ್ತು. ಮರಿಗಳು ದಡದ ಗುಂಡಿಗಳಲ್ಲಿ ಸಿಕ್ಕುವುದನ್ನು ತಪ್ಪಿಸಲು ದಿನದ ಏರಿಳಿತಕ್ಕೂ ಒಂದು ಮಿತಿಯನ್ನು 2004ರ ಒಪ್ಪಂದದಲ್ಲಿ ಸೇರಿಸಿದರು.

ಎರಡನೆಯದು ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾನ್ ವಾಕೀನ್ ನದಿಯದು. ಇದು ನೇರವಾಗಿ ಜಮೀನ್ದಾರರ ವಿಷಯ. 1942ರಲ್ಲಿ ಕಟ್ಟಿ ಮುಗಿದ ಫ್ರಯಾಂಟ್ ಅಣೆಕಟ್ಟಿನ ನೀರೆಲ್ಲ ನಾಲೆಗಳಿಗೆ ತಿರುಗಿದುದರಿಂದ ನದಿಯು ಸುಮಾರು 60 ಮೈಲಿ ಉದ್ದ ಒಣಗಿ, ಸಾಲ್ಮನ್ ನಿರ್ಮೂಲವಾಯಿತು. 1988ರಲ್ಲಿ ಹೂಡಿದ ದಾವೆಯು ಹದಿನೆಂಟು ವರ್ಷ ನಡೆದು, ಎರಡು ಕಡೆಯವರೂ ಬಳಲಿದ ಮೇಲೆ 2006ರಲ್ಲಿ ರಾಜಿಯಾಯಿತು. ರಾಜಿಯ ಪತ್ರದಲ್ಲಿ ಎರಡು ಗುರಿಗಳನ್ನು ಸಮವಾಗಿ ಬರೆದರು: ನದಿಗೆ ಮೀನನ್ನು ಮರಳಿ ತರುವುದು, ಇದರಿಂದ ರೈತರಿಗೆ ಆಗುವ ನೀರಿನ ನಷ್ಟವನ್ನು ಆದಷ್ಟು ಕಡಿಮೆ ಮಾಡುವುದು. ನದಿಗೆ ಬಿಟ್ಟ ನೀರನ್ನು ಮೀನಿನ ಕೆಲಸ ಮುಗಿದ ಮೇಲೆ ಕೆಳಗೆ ಹಿಡಿದು ರೈತರಿಗೆ ಮರಳಿಸಲು ಅವಕಾಶವಿಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಗಳನ್ನು ಮಳೆಯ ಪ್ರಮಾಣದಂತೆ ವರ್ಗಮಾಡಿ, ಒಳ್ಳೆಯ ವರ್ಷಕ್ಕೆ ಇಷ್ಟು, ಸಾಧಾರಣ ವರ್ಷಕ್ಕೆ ಇಷ್ಟು, ಕಡು ಬರಗಾಲದಲ್ಲಿ ಇಲ್ಲವೆಂದು ಮೊದಲೇ ಬರೆದರು. 2009ರ ಅಕ್ಟೋಬರಿನಲ್ಲಿ ನದಿಗೆ ನೀರು ಬಿಟ್ಟರು. 2019ರಲ್ಲಿ, ಆರು ದಶಕಗಳ ಮೇಲೆ, ವಸಂತದ ಸಾಲ್ಮನ್ ಸಮುದ್ರದಿಂದ ಹಿಂದಿರುಗಿತು. ಕಾವೇರಿಯ ತೀರ್ಪಿನಲ್ಲಿಯೂ ನೀರು ತಗ್ಗಿದ ವರ್ಷ ಪಾಲುಗಳನ್ನು ಅದೇ ಪ್ರಮಾಣದಲ್ಲಿ ತಗ್ಗಿಸಬೇಕೆಂದು ಹೇಳಿದೆ. ಆದರೆ ಯಾವ ತಿಂಗಳಲ್ಲಿ ಯಾವ ಲೆಕ್ಕದಿಂದ ಎಂಬ ವಿವರವು ಸಾಲದುದರಿಂದಲೇ ಬರಗಾಲ ಬಂದಾಗಲೆಲ್ಲ ಜಗಳ ಮರುಕಳಿಸುವುದು.

ಹೇಮಾವತಿಯ ನೀರನ್ನು ಕುರಿತು ತಾಲ್ಲೂಕು ತಾಲ್ಲೂಕುಗಳ ನಡುವೆ ಇರುವ ವಾದಗಳು ಸರ್ವರಿಗೂ ಗೊತ್ತು. ಕುಣಿಗಲ್ಲಿನ ಕಡೆಗೆ ನೇರವಾಗಿ ಹಾಕುವ ಕೊಂಡಿನಾಲೆಯ ವಿಷಯದಲ್ಲಿ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿಯೇ ದೊಡ್ಡ ಪ್ರತಿಭಟನೆ ನಡೆಯಿತು. ಆ ಪ್ರಶ್ನೆಯ ಗುಣಾವಗುಣ ಇಲ್ಲಿ ಪ್ರಸಕ್ತವಲ್ಲ. ನಾಲೆಯಲ್ಲಿ ಎಷ್ಟು ನೀರು ಬರಬೇಕೆಂಬುದು ಗ್ರಾಮದ ಕೈಯಲ್ಲಿ ಇಲ್ಲ. ಬಂದು ಕೆರೆ ಸೇರಿದ ನೀರಿನ ತಳಭಾಗವನ್ನು ಏನು ಮಾಡಬೇಕೆಂಬುದು ಮಾತ್ರ ಬಹುಮಟ್ಟಿಗೆ ಗ್ರಾಮದ ಕೈಯಲ್ಲೇ ಇದೆ.

ಈ ತಳಭಾಗದ ವಿಷಯದಲ್ಲಿ ಪೂರ್ವಿಕರು ಒಂದು ಕರಾರನ್ನು ಕಾಗದವಿಲ್ಲದೆ ಮಾಡಿದ್ದರು. ಹಳೆಯ ಕೆರೆಗಳಲ್ಲಿ ತೂಬಿನ ಹೊಸ್ತಿಲನ್ನು ಕೆರೆಯ ತೀರ ತಗ್ಗಿಗಿಂತ ತುಸು ಮೇಲಕ್ಕೆ ಇಡುವುದು ಪದ್ಧತಿ. ಹೊಸ್ತಿಲಿನ ಕೆಳಗಣ ನೀರು ಎಷ್ಟು ಬೇಡಿದರೂ ಹೊರಗೆ ಹರಿಯದು. ಏರಿಗೆ ಮಣ್ಣು ತೆಗೆದ ಗುಂಡಿಗಳಲ್ಲಿ ಅದು ಬೇಸಗೆಯುದ್ದಕ್ಕೂ ನಿಂತು, ದನಕರುಗಳ ಬಾಯಾರಿಕೆಯನ್ನು ತೀರಿಸಿ, ಕೆಳಗಿನ ಬಾವಿಗಳಿಗೆ ಒಸರಿ, ಮೀನಿನ ಬೀಜವನ್ನು ಉಳಿಸಿಕೊಡುತ್ತಿತ್ತು. ಕಲ್ಲೇ ಷರತ್ತು, ನೀರುಗಂಟಿಗೂ ಅದನ್ನು ಮೀರಲಾಗುತ್ತಿರಲಿಲ್ಲ. ಎರಡು ಕಾರಣಗಳಿಂದ ಈ ಕರಾರು ಮುರಿದಿದೆ. ಹೂಳು ತುಂಬಿ ಹೊಸ್ತಿಲಿನ ಕೆಳಗಣ ಗುಂಡಿಗಳು ಮುಚ್ಚಿಹೋದುವು. ಉಳಿದದ್ದನ್ನು ಮೋಟಾರು ಪಂಪು ಹೀರಿತು; ಪಂಪಿಗೆ ಹೊಸ್ತಿಲೆಂಬುದಿಲ್ಲ. ಕಲ್ಲು ಮಾಡುತ್ತಿದ್ದ ಕೆಲಸವನ್ನು ಈಗ ಗ್ರಾಮದವರ ಒಡಂಬಡಿಕೆಯೇ ಮಾಡಬೇಕಾಗಿದೆ.

ಇದರಿಂದ ಜಮೀನ್ದಾರನಿಗೆ ಎಷ್ಟು ನಷ್ಟ? ಲೆಕ್ಕ ಹಾಕಿ ನೋಡಬಹುದು. ಬೇಸಗೆಯಲ್ಲಿ ಬಿಸಿಲಿಗೆ ದಿನವೊಂದಕ್ಕೆ ಕಾಲು ಅಂಗುಲದಷ್ಟು ನೀರು ಆವಿಯಾಗುವುದೆಂದಿಟ್ಟುಕೊಂಡರೆ, ಫೆಬ್ರವರಿ ಕಡೆಯಿಂದ ಮೇ ಕಡೆಯವರೆಗೆ ಸುಮಾರು ಎರಡು ಅಡಿ ಹೋಗುವುದು. ಮುಂಗಾರಿನ ಹೊತ್ತಿಗೆ ನಾಲ್ಕು ಅಡಿ ನೀರು ಉಳಿಯಬೇಕಾದರೆ ಶಿವರಾತ್ರಿಯ ಸುಮಾರಿಗೆ ಆರು ಅಡಿ ಇರಬೇಕು. ಒಂದು ಎಕರೆ ಅಗಲದ ಗುಂಡಿಯಲ್ಲಿ ಆರು ಅಡಿ ನೀರೆಂದರೆ 2,61,360 ಘನ ಅಡಿ. ಒಂದು ಎಕರೆ ಭತ್ತದ ಬೆಳೆಗೆ ಸುಮಾರು ನಾಲ್ಕು ಅಡಿ ನೀರು ಬೇಕಾಗುವುದರಿಂದ, ಮೀನಿನ ಮಡುವಿಗೆ ಬಿಟ್ಟದ್ದು ಒಂದೂವರೆ ಎಕರೆ ಭತ್ತದ ನೀರಾಯಿತು. ನೂರು ಎಕರೆ ಅಚ್ಚುಕಟ್ಟಿನ ಕೆರೆಯಲ್ಲಿ ಇದು ನೂರಕ್ಕೆ ಒಂದೂವರೆ, ಎಂದರೆ ಕಾವೇರಿಯ ತೀರ್ಪು ಪರಿಸರಕ್ಕಿಟ್ಟ ಪಾಲಿಗೆ ಸಮೀಪದ್ದು. ಕೆಳಗೆ ಇಂಗುವ ನೀರನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದು ಪೋಲಾದ ನೀರಲ್ಲ, ಏರಿಯ ಕೆಳಗಣ ತೆಂಗಿನ ತೋಟಗಳ ಬಾವಿಗೆ ಸೇರುವ ನೀರು. ಮಡುವನ್ನು ಬತ್ತಿಸಿ ಹದಿನೈದು ದಿನ ನೀರು ಕಟ್ಟಿದ ತೋಟದವನೇ ವೈಶಾಖದಲ್ಲಿ ಬಾವಿ ಬತ್ತಿತೆಂದು ಕೊಳವೆಬಾವಿ ಕೊರೆಯಿಸಲು ಸಾಲ ಮಾಡುವುದು ವಿರಳವಲ್ಲ.

ಸಣ್ಣ ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯ ಕೈಯಲ್ಲಿದ್ದು, ದೊಡ್ಡ ಕೆರೆಗಳದು ಮೀನುಗಾರಿಕೆ ಇಲಾಖೆಯಲ್ಲಿರುವುದರಿಂದ, ಒಡಂಬಡಿಕೆಯಲ್ಲಿ ಯಾರು ಯಾರು ಸೇರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು. ಅಚ್ಚುಕಟ್ಟಿನವರು, ಪಾಶುವಾರು ಹಿಡಿದವನು, ಕೆರೆಯಂಗಳದ ಪಕ್ಕದಲ್ಲಿ ಪಂಪು ಇಟ್ಟಿರುವವರು, ಈ ಮೂವರಲ್ಲಿ ಒಬ್ಬರು ಬಿಟ್ಟುಹೋದರೂ ಪತ್ರವು ನಿಲ್ಲುವುದಿಲ್ಲ. ಅದರಲ್ಲೂ ಕಡೆಯವರನ್ನು ಕರೆಯುವುದನ್ನು ಮರೆಯುವುದೇ ಹೆಚ್ಚು. ನೀರಿನ ಮಟ್ಟವನ್ನು "ಸಾಕಷ್ಟು" ಎಂದು ಬರೆಯಬಾರದು. ತೂಬಿನ ಕಂಬದ ಮೇಲೆ ಉಳಿಯಿಂದ ಒಂದು ಗೆರೆ ಕೊರೆದು, ನೀರು ಗೆರೆಗೆ ಇಳಿದ ದಿನದಿಂದ ತೂಬನ್ನೂ ಪಂಪನ್ನೂ ನಿಲ್ಲಿಸುವುದೆಂದು ಬರೆದರೆ ಓದುಬಾರದವನಿಗೂ ತಿಳಿಯುವುದು. ಜನರಿಗೂ ದನಗಳಿಗೂ ಕುಡಿಯುವ ನೀರು ಈ ತಡೆಗೆ ಒಳಪಡದು. ನಾಲೆಯ ನೀರು ಬಾರದೆ ಕೆರೆ ಕಾಲುಭಾಗವೂ ತುಂಬದ ವರ್ಷಕ್ಕೆ ಬೇರೆ ಗೆರೆ, ತಗ್ಗಿನದು, ಇರಲಿ. ಆ ವರ್ಷ ಪಾಶುವಾರಿನವನು ಮರಿ ಬಿಡದೆ ಇದ್ದಲ್ಲಿ ಅವನ ಹಣದಲ್ಲಿ ಎಷ್ಟು ಬಿಡುವುದೆಂಬುದನ್ನು ಹರಾಜಿನ ಷರತ್ತಿನಲ್ಲೇ ಸೇರಿಸಬೇಕು. ಇಲ್ಲದಿದ್ದರೆ ಹಣ ಕಳೆದುಕೊಂಡವನು ಮುಂದಿನ ವರ್ಷ ಕಣ್ಣುತಪ್ಪಿಸಿ ಕೆರೆಯನ್ನೇ ಬರಿದು ಮಾಡುವನು.

ಹೂಳೆತ್ತಿಸುವವರು ಅಂಗಳವನ್ನೆಲ್ಲ ಹಲಗೆ ಹೊಡೆದಂತೆ ಸಮಮಾಡಿಸುವುದು ಈಚೆಗೆ ರೂಢಿಯಾಗಿದೆ. ನೋಡಲು ಚೆನ್ನು; ಮೀನಿಗೂ ದನಕ್ಕೂ ಕೇಡು. ತೂಬಿನ ಬಳಿ, ಏರಿಯ ಬುಡಕ್ಕೆ ಅಪಾಯವಾಗದಷ್ಟು ದೂರದಲ್ಲಿ, ಹೊಸ್ತಿಲಿಗಿಂತ ತಗ್ಗಾದ ಗುಂಡಿಯೊಂದನ್ನು ಇಳಿಜಾರು ದಡಗಳೊಡನೆ ಉಳಿಸಿಕೊಳ್ಳಬೇಕು. ತೂಬಿನ ಬಾಯಿಗೆ ಜಾಲರಿ ಹಾಕಿದರೆ ಮರಿಗಳು ಗದ್ದೆಗೆ ಹೋಗಿ ಸಾಯುವುದು ತಪ್ಪುವುದು. ಆ ಜಾಲರಿಗೆ ಕಸ ಕಟ್ಟಿಕೊಳ್ಳುವುದರಿಂದ ಅದನ್ನು ಬಿಡಿಸುವ ಕೆಲಸ ನೀರುಗಂಟಿಯದೋ ಪಾಶುವಾರಿನವನದೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಎಷ್ಟೋ ಕಡೆ ಜಾಲರಿಯನ್ನು ಕಿತ್ತೆಸೆಯುವುದಕ್ಕೆ ಕಾರಣ ಈ ಕಸವೇ. ಸರ್ಕಾರವು ನಿಷೇಧಿಸಿರುವ ಆಫ್ರಿಕಾದ ಕ್ಯಾಟ್‌ಫಿಷ್ ಮರಿಗಳನ್ನು ಯಾರು ಎಷ್ಟು ಲಾಭ ಹೇಳಿದರೂ ಕೆರೆಗೆ ಬಿಡಿಸಕೂಡದು. ಕೋಡಿ ಬಿದ್ದ ದಿನ ಅದು ಕೆರೆಯಲ್ಲಿ ಉಳಿಯದೆ ಶಿಂಷೆಗೆ ಇಳಿಯುವುದು, ಮುಂದೆ ಕಾವೇರಿಗೂ.

ಮೊದಲ ಮಳೆಗೆ ಕೋಡಿಯ ಹಳ್ಳದಲ್ಲಿ ಮೀನು ಹತ್ತಿಬರುವಾಗ ಬಿದಿರಿನ ಕೂಳಿಗಳನ್ನು ಹಳ್ಳದ ಅಡ್ಡಗಲಕ್ಕೂ ಒಡ್ಡುವುದು ಹಲವು ಕಡೆ ಹಬ್ಬದಂತೆ ನಡೆಯುವುದು. ಒಂದೊಂದು ಹೆಣ್ಣು ಮೀನಿನ ಹೊಟ್ಟೆಯಲ್ಲೂ ಆಗ ಸಾವಿರಾರು ಮೊಟ್ಟೆಗಳಿರುವುವು. ಹಬ್ಬವನ್ನೇ ನಿಲ್ಲಿಸಿರೆಂದರೆ ಯಾರೂ ಕೇಳಲಾರರು. ಹಳ್ಳದ ಮೂರರಲ್ಲಿ ಒಂದು ಪಾಲು ಅಗಲವನ್ನು ತೆರವಾಗಿ ಬಿಡುವುದು, ಮೊದಲ ಎರಡು ದಿನ ಕೂಳಿ ಇಡದೆ ಇರುವುದು ಎಂಬಷ್ಟಕ್ಕೆ ಒಪ್ಪಿಸಿದರೂ ಆದೀತು. ನಾಲೆಗೆ ನೀರು ಬಿಡುವ ಮೊದಲು, ಜ್ಯೇಷ್ಠ ಮಾಸದ ಗ್ರಾಮಸಭೆಯಲ್ಲಿ ಈ ಪತ್ರವನ್ನು ಓದಿ ರುಜು ಹಾಕಿಸಿ, ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲೂ ಒಂದನ್ನು ನೀರುಗಂಟಿಯ ಬಳಿಯಲ್ಲೂ ಇಡತಕ್ಕದ್ದು. ಪಾಶುವಾರು ಹೊಸಬರ ಕೈಗೆ ಹೋದಾಗಲೆಲ್ಲ ಹೊಸದಾಗಿ ರುಜು ಹಾಕಿಸಬೇಕು. ತೂಬಿನ ಕಂಬದ ಗೆರೆಯನ್ನು ಮಾತ್ರ ಹಾಗೆಯೇ ಬಿಡುವುದು.